ಹೊಲದಾಗ, ಹೊಲದಲ್ಲಿ

ಈ ಬರಹ ಒಂದು ನೋಟುಬುಕ್ಕಿನ ಅರ್ಧ ಪುಟದ ವಿಮರ್ಶೆ. ಬರೆದವಳು ನವಲಗುಂದ ತಾಲೂಕಿನ ಒಂದು ಹಳ್ಳಿಯ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಐದನೆಯ ಇಯತ್ತೆ ಓದುವ ಹುಡುಗಿ. ಅವಳನ್ನೂ ಅವಳ ಅವ್ವನನ್ನೂ ಕೇಳಿಯೇ ಇಲ್ಲಿ ಕೊಡುತ್ತಿದ್ದೇನೆ, ಹೆಸರು ಮಾತ್ರ ಹೇಳುವುದಿಲ್ಲ. ವಿಷಯ ಕೊಟ್ಟವಳು ನಾನು: 'ನಮ್ಮ ಹೊಲ'. ಡಿಸೆಂಬರಿನ ಒಂದು ಶನಿವಾರ, ಮುಂಜಾನೆ ಸಾಲಿ, ಹೊರಗೆ ಎರೆಭೂಮಿಯ ತುಂಬ ಕಡಲೆ. ಅವಳು ಬರೆದದ್ದು ಇದು, ಒಂದಕ್ಷರವನ್ನೂ ತಿದ್ದಿಲ್ಲ:

"ಮೊನ್ನೆ ನಾನು ಅವ್ವ ಮತ್ತ ಕಾಕಾ ಹೊಲಕ್ಕ ಹೋಗಿದ್ವಿ ಹೊಲದಾಗ ಕಡ್ಲಿ ಇತ್ತು ಕಡ್ಲಿಗೆ ಹುಳಾ ಬಿದ್ದಿತ್ತು ಕಾಕಾ ಎಣ್ಣಿ ಹೊಡಿಬೇಕು ಅಂದ ಅವ್ವ ರೊಕ್ಕ ಎಲ್ಲೈತಿ ಅಂದ್ಳು ಕಾಕಾ ಸುಮ್ಮನಾದ ಅವ್ವ ಕಡ್ಲಿ ಗಿಡ ಮುಟ್ಟಿ ಮುಟ್ಟಿ ನೋಡಿದ್ಳು ಅವ್ವನ ಕೈ ಹುಳಿ ಹುಳಿ ಆಗಿತ್ತು ನಾ ನೆಕ್ಕಿದೆ ಅವ್ವ ನಕ್ಕಳು."

ಕೊನೆಯಲ್ಲಿ ಒಂದೇ ಒಂದು ಪೂರ್ಣವಿರಾಮ. ಅದನ್ನೂ ಪೆನ್ಸಿಲ್ಲು ಒತ್ತಿ, ಹಾಳೆ ತೂತಾಗುವಷ್ಟು ಗಟ್ಟಿಯಾಗಿ ಇಟ್ಟಿದ್ದಳು.

ನಾನು ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಹುಟ್ಟಿದ್ದು ಕುಂದಗೋಳ ತಾಲೂಕಿನಲ್ಲಿ, ಸಂಶೋಧನೆ ಹಳಗನ್ನಡದ ವ್ಯಾಕರಣಗಳ ಮೇಲೆ. ಆ ಶಾಲೆಯಲ್ಲಿ ಕಲಿಸುವ ಗೆಳತಿಯೊಬ್ಬಳು "ಶನಿವಾರ ಬಂದು ನಾಲ್ಕು ಮತ್ತು ಐದನೆಯ ಇಯತ್ತೆಯವರಿಗೆ ಒಂದೆರಡು ತಾಸು ಬರೆಯುವುದನ್ನು ಕಲಿಸು" ಎಂದಳು. ವಿಭಕ್ತಿ, ಲೇಖನ ಚಿಹ್ನೆ, ಸ್ವಂತ ನಾಲ್ಕು ಸಾಲು, ಇಷ್ಟೇ. ಕೇಶಿರಾಜನನ್ನು ಓದುವವಳಿಗೆ ಇದೇನು ಕಷ್ಟ ಎಂದುಕೊಂಡು ಹೋದೆ. ಕೆಂಪು ಪೆನ್ನು ಚೀಲದಲ್ಲಿಯೇ ಇತ್ತು.

ಅಂದು ಆ ಅರ್ಧ ಪುಟದಲ್ಲಿ ನಾನು ಹದಿನಾಲ್ಕು ಕಡೆ ಕೆಂಪು ಮಾಡಿದೆ. 'ಹೊಲಕ್ಕ' ಹೊಡೆದು 'ಹೊಲಕ್ಕೆ', 'ಹೊಲದಾಗ' ಹೊಡೆದು 'ಹೊಲದಲ್ಲಿ', 'ಎಲ್ಲೈತಿ' ಹೊಡೆದು 'ಎಲ್ಲಿದೆ', 'ರೊಕ್ಕ' ಹೊಡೆದು 'ಹಣ'. 'ಎಣ್ಣಿ' ಅಂದರೆ ಕೀಟನಾಶಕ ಎಂದು ನನಗೆ ಚೆನ್ನಾಗಿಯೇ ಗೊತ್ತು, ನಮ್ಮ ಮನೆಯಲ್ಲಿಯೂ ಹಾಗೆಯೇ ಅನ್ನುತ್ತಾರೆ. ಆದರೂ ಅದರ ಮೇಲೆ 'ಔಷಧ' ಎಂದು ಬರೆದೆ. ಕೆಳಗೆ 'ಪೂರ್ಣವಿರಾಮ ಹಾಕು' ಎಂದು ಒಂದು ಗೆರೆ ಎಳೆದೆ. ಇಷ್ಟು ತಿದ್ದಿದರೂ ಬೈಯಲಿಲ್ಲ, 'ಜಾಣೆ' ಎಂದೂ ಬರೆದೆ.

ಮುಂದಿನ ವಾರ ಅದೇ ವಿಷಯವನ್ನು ಮತ್ತೊಮ್ಮೆ ಬರೆಯಿರಿ ಎಂದಾಗ ಅವಳು ಕೊಟ್ಟದ್ದು:

"ನಾವು ಹೊಲಕ್ಕೆ ಹೋದೆವು. ಹೊಲದಲ್ಲಿ ಕಡಲೆ ಇತ್ತು. ಹೊಲ ಸುಂದರವಾಗಿದೆ. ರೈತ ದೇಶದ ಬೆನ್ನೆಲುಬು. ನನಗೆ ಹೊಲ ಇಷ್ಟ."

ಒಂದೂ ತಪ್ಪಿಲ್ಲ. ಐದು ವಾಕ್ಯ, ಐದು ಪೂರ್ಣವಿರಾಮ. ಕಾಕಾ ಇಲ್ಲ, ಹುಳವಿಲ್ಲ, ರೊಕ್ಕದ ಮಾತಿಲ್ಲ, ಹುಳಿ ಹತ್ತಿದ ಕೈಯಿಲ್ಲ. ಅವ್ವ ಎಲ್ಲಿ ಹೋದಳು ಎಂದು ಕೇಳಿದೆ. "ಅದರಾಗ ಭಾಳ ತಪ್ಪು ಬರ್ತಾವ್ರಿ ಅಕ್ಕಾರ" ಅಂದಳು.

ಕಥೆಗಾರರೊಬ್ಬರು ಮೊದಲನೆಯ ಕರಡಿನಿಂದ ಎರಡನೆಯದಕ್ಕೆ ಹೀಗೆ ಬಂದಿದ್ದರೆ ಸಂಪಾದಕರನ್ನು ನಾವು ಸುಮ್ಮನೆ ಬಿಡುತ್ತಿರಲಿಲ್ಲ. ಇಲ್ಲಿ ಸಂಪಾದಕಿ ನಾನು. ಹಾಗಾಗಿ ಆ ಮೊದಲನೆಯ ಪುಟವನ್ನು ಮತ್ತೆ ಓದಬೇಕಾಯಿತು, ಈ ಸಲ ಪೆನ್ನು ಹಿಡಿಯದೆ.

ಓದಿದರೆ ಮೊದಲು ಕಾಣುವುದು, ಅವಳಿಗೆ ವಾಕ್ಯ ಗೊತ್ತು. ಹೋಗಿದ್ವಿ, ಇತ್ತು, ಬಿದ್ದಿತ್ತು, ಅಂದ, ಅಂದ್ಳು, ಸುಮ್ಮನಾದ, ನೋಡಿದ್ಳು, ಆಗಿತ್ತು, ನೆಕ್ಕಿದೆ, ನಕ್ಕಳು. ಹತ್ತು ಪೂರ್ಣ ಕ್ರಿಯಾಪದ, ಹತ್ತು ವಾಕ್ಯ. ಒಂದೂ ಅರ್ಧಕ್ಕೆ ನಿಂತಿಲ್ಲ, ಒಂದರ ಕರ್ತೃ ಇನ್ನೊಂದರ ಕ್ರಿಯಾಪದಕ್ಕೆ ಅಂಟಿಕೊಂಡಿಲ್ಲ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ವಾಕ್ಯ ಎಲ್ಲಿ ಮುಗಿಯಿತು ಎಂಬುದನ್ನು ಭಾಷೆಯೇ ಹೇಳಿಬಿಡುತ್ತದೆ. ಪೂರ್ಣವಿರಾಮ ಹಾಕದಿರುವುದು ಅವಳ ಅಜ್ಞಾನವಾಗಿರಲಿಲ್ಲ. ಅವಳ ಕಿವಿಗೆ ಅದು ಆಗಲೇ ಕೇಳಿಸುತ್ತಿತ್ತು, ಮತ್ತೆ ಚುಕ್ಕಿ ಯಾಕೆ?

ಅವಳೊಬ್ಬಳೇ ಹೀಗೆ ಅಂದುಕೊಂಡವಳಲ್ಲ. ಓಲೆಗರಿಯ ಹಸ್ತಪ್ರತಿಗಳಲ್ಲಿ ಪದಪದದ ನಡುವೆ ಜಾಗವಿಲ್ಲ, ಪದ್ಯ ಮುಗಿದಲ್ಲಿ ಒಂದೆರಡು ದಂಡ ಸಿಕ್ಕರೆ ದೊಡ್ಡದು. ಕೇಶಿರಾಜ ಸುಮಾರು 1260ರಲ್ಲಿ ಬರೆದ 'ಶಬ್ದಮಣಿದರ್ಪಣ'ದಲ್ಲಿ ಸಂಧಿಯಿಂದ ಹಿಡಿದು ಅವ್ಯಯದವರೆಗೆ ಪ್ರಕರಣಗಳಿವೆ, ಲೇಖನ ಚಿಹ್ನೆಗೆ ಪ್ರಕರಣವಿಲ್ಲ. ಅಲ್ಪವಿರಾಮ, ಅರ್ಧವಿರಾಮ, ಪ್ರಶ್ನಾರ್ಥಕ, ಉದ್ಧರಣ ಎಂಬ ಸಂಸಾರವೆಲ್ಲ ಹತ್ತೊಂಬತ್ತನೆಯ ಶತಮಾನದ ಅಚ್ಚುಕೂಟದ ಜೊತೆಗೆ ಬಂದದ್ದು. ಹೊರಗಿನಿಂದ ಬಂತು, ಆದ್ದರಿಂದ ಬೇಡ ಎನ್ನುವ ವಾದ ನನ್ನದಲ್ಲ. ಮನಸ್ಸಿನಲ್ಲಿ ಓದುವ ಓದುಗನಿಗೆ ಅದು ಬೇಕೇ ಬೇಕು. ಆದರೆ ಬಂದ ಚಿಹ್ನೆ ಕನ್ನಡದಲ್ಲಿ ಯಾವ ಕೆಲಸ ಮಾಡುತ್ತದೆ, ಯಾವುದನ್ನು ಕನ್ನಡವೇ ಮೊದಲಿನಿಂದ ಮಾಡಿಕೊಂಡಿದೆ ಎಂದು ನೋಡದೆ ಕಲಿಸಿದರೆ ಮಕ್ಕಳಿಗೆ ಅದು ರಂಗೋಲಿಯ ಚುಕ್ಕಿಯಂತೆ ಕಾಣುತ್ತದೆ. ಅದೇ ವರ್ಗದ ಒಬ್ಬ ಹುಡುಗ ಪೂರ್ಣವಿರಾಮವನ್ನು ಪ್ರತಿ ಸಾಲಿನ ಕೊನೆಗೂ ಇಡುತ್ತಿದ್ದ, ವಾಕ್ಯ ಮುಗಿದಿರಲಿ ಬಿಡಲಿ. ಅವನಿಗೆ ಅದು ಹೊಲದ ಬದುವಿನ ಹಾಗೆ, ಅಂಚಿಗೆ ಇರಬೇಕಾದದ್ದು.

'ಉಸಿರು ನಿಲ್ಲಿಸಿದಲ್ಲಿ ಪೂರ್ಣವಿರಾಮ' ಎಂಬ ಪಾಠ ನನಗೂ ಬಂದಿತ್ತು, ನಾನೂ ಅದನ್ನೇ ಹೇಳಿದ್ದೆ. ಓಡಿ ಬಂದ ಹುಡುಗನ ಉಸಿರು ಮೂರು ಪದಕ್ಕೊಮ್ಮೆ ನಿಲ್ಲುತ್ತದೆ. ಅದನ್ನು ಬಿಟ್ಟು 'ಕೆಲಸ ಮುಗಿದ ಪದ ಹುಡುಕ್ರಿ' ಎಂದು ಆಟ ಶುರು ಮಾಡಿದೆವು. "ಎದ್ದು ಮುಖಾ ತೊಳಕೊಂಡು ಚಾ ಕುಡ್ದು ದನಕ್ಕ ಮೇವು ಹಾಕಿ ಸಾಲಿಗೆ ಬಂದೆ" ಎಂಬುದರಲ್ಲಿ ಎಷ್ಟು ಕೆಲಸ? ಐದು. ಮುಗಿದದ್ದು? ಒಂದೇ, 'ಬಂದೆ'. ಉಳಿದವು ನಾಲ್ಕೂ ಮುಂದಿನದರ ಕೈ ಹಿಡಿದುಕೊಂಡು ನಿಂತಿವೆ. ಈ ಲೆಕ್ಕ ನಾಲ್ಕನೆಯ ಇಯತ್ತೆಯವರಿಗೂ ಒಂದು ತಾಸಿನಲ್ಲಿ ತಿಳಿಯಿತು. ಅಲ್ಪವಿರಾಮದ ಗೊಡವೆಗೆ ಅಂದು ಹೋಗಲಿಲ್ಲ. 'ಅವ್ವನೂ ಕಾಕಾನೂ ನಾನೂ' ಎಂದು ಬರೆಯಬಲ್ಲ ಮಗುವಿಗೆ 'ಅವ್ವ, ಕಾಕಾ ಮತ್ತು ನಾನು' ಎಂಬ ಜೋಡಣೆ ಅಷ್ಟೇನೂ ಅವಸರದ್ದಲ್ಲ.

ನಿಜವಾದ ತೊಡಕು ಬಂದದ್ದು ಅವಳ ಪುಟದಲ್ಲಿಯೇ. ಫಳಿಯ ಮೇಲೆ ಆ ಮೊದಲನೆಯ ಬರಹವನ್ನು, ಅವಳನ್ನು ಕೇಳಿ, ಹಾಗೆಯೇ ಬರೆದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಚುಕ್ಕಿ ಇಡಬೇಕು. ಒಬ್ಬಳು 'ಹೊಡಿಬೇಕು' ಆದಮೇಲೆ ಇಟ್ಟಳು. ಅವಳ ಲೆಕ್ಕ ಸರಿ, ಅದು ಮುಗಿದ ಪದವೇ. ಆದರೆ ಅದು ಕಾಕಾನ ವಾಕ್ಯ, ಬರೆದವಳ ವಾಕ್ಯ 'ಅಂದ' ಎಂಬಲ್ಲಿ ಮುಗಿಯುತ್ತದೆ. ಒಂದು ವಾಕ್ಯದ ಹೊಟ್ಟೆಯಲ್ಲಿ ಇನ್ನೊಬ್ಬರ ವಾಕ್ಯ. ಉದ್ಧರಣ ಚಿಹ್ನೆ ಯಾಕೆ ಹುಟ್ಟಿತು ಎಂಬುದನ್ನು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಯಾವ ಅಭ್ಯಾಸದ ಹಾಳೆಯಲ್ಲಿಯೂ ಸಿಕ್ಕಿಲ್ಲ. ಕಾಕಾನ ಮಾತಿಗೆ ಒಂದು ಬೇಲಿ, ಅವ್ವನ ಮಾತಿಗೆ ಒಂದು ಬೇಲಿ ಹಾಕಿದೆವು.

ಆಮೇಲೆ 'ರೊಕ್ಕ ಎಲ್ಲೈತಿ'. ಪ್ರಶ್ನಾರ್ಥಕ ಹಾಕಬೇಕೋ ಬೇಡವೋ? 'ಎಲ್ಲಿ' ಇದೆ, ಪ್ರಶ್ನೆ, ಹಾಕಬೇಕು ಎಂದು ಅರ್ಧ ವರ್ಗ. ಹಿಂದಿನ ಸಾಲಿನಲ್ಲಿ ಯಾವಾಗಲೂ ಸುಮ್ಮನೆ ಕೂಡುವ ಹುಡುಗನೊಬ್ಬ ಕೂತಲ್ಲಿಂದಲೇ ಹೇಳಿದ: "ಅದು ಪ್ರಶ್ನೆ ಅಲ್ರಿ ಅಕ್ಕಾರ. ರೊಕ್ಕ ಇಲ್ಲ ಅಂತ ಅಕೀಗೂ ಗೊತ್ತೈತಿ." ಮತ್ತೊಬ್ಬಳು, "ಹಂಗಾದ್ರ ಸಿಟ್ಟಿಂದು ಹಾಕ್ರಿ" ಎಂದಳು. ಅವಳು ಹೇಳಿದ್ದು ಭಾವಸೂಚಕ ಚಿಹ್ನೆಯನ್ನು. ಸಿಟ್ಟಿದ್ದರೆ ಅವ್ವ ಆಮೇಲೆ ಗಿಡ ಮುಟ್ಟಿ ಮುಟ್ಟಿ ಯಾಕೆ ನೋಡುತ್ತಿದ್ದಳು ಎಂದು ಮೊದಲನೆಯವನು. ವಾದ ಗಂಟೆ ಹೊಡೆಯುವವರೆಗೆ ನಡೆಯಿತು. ಬರೆದ ಹುಡುಗಿ ನಡುವೆ ಒಂದೂ ಮಾತಾಡಲಿಲ್ಲ, ತನ್ನ ಅವ್ವನ ಬಗ್ಗೆ ಇಡೀ ವರ್ಗ ಇಷ್ಟು ಮಾತಾಡುವುದನ್ನು ಕೇಳುತ್ತ ಕೂತಿದ್ದಳು. ನಮ್ಮ ವಿಭಾಗದ ಸೆಮಿನಾರುಗಳಲ್ಲಿ ಒಂದು ಪಠ್ಯದ ಒಂದು ಸಾಲಿಗೆ ಇಷ್ಟು ಹೊತ್ತು ಕೊಟ್ಟದ್ದು ನನಗೆ ನೆನಪಿಲ್ಲ.

ಚಿಹ್ನೆಯನ್ನು ಎಲ್ಲಿ ಇಡಬೇಕು ಎಂದು ಕೇಳಿದಾಗ ಮಕ್ಕಳು ಮಾಡಿದ್ದು ವಿಮರ್ಶೆ. ನಾನು ಮೊದಲನೆಯ ವಾರ ಮಾಡಿದ್ದು ಕಸ ಗುಡಿಸುವ ಕೆಲಸ.

ಇನ್ನು ಆ ಹದಿನಾಲ್ಕು ಕೆಂಪು ಗುರುತುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ 'ಹೊಲದಾಗ'ದ ವಿಷಯ. ಶಾಲೆಯ ವಿಭಕ್ತಿ ಪಟ್ಟಿಯನ್ನು ಮಕ್ಕಳು ಮಗ್ಗಿಯ ಹಾಗೆ ಹೇಳುತ್ತಾರೆ: ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. 'ದೆಸೆಯಿಂದ ಅಂದ್ರ ಏನ್ರಿ?' ಎಂದು ಒಬ್ಬ ಕೇಳಿದ. 'ಮರದ ದೆಸೆಯಿಂದ ಹಣ್ಣು ಬಿತ್ತು' ಎಂದು ನನಗೆ ಕಲಿಸಿದ ಉದಾಹರಣೆಯನ್ನೇ ಕೊಟ್ಟೆ. "ಮರದಿಂದ ಅಂದ್ರ ಬೀಳೂದಿಲ್ಲೇನ್ರಿ?" ಅಂದ. ಡಿ.ಎನ್. ಶಂಕರ ಭಟ್ಟರು 2000ದಲ್ಲಿ ಬಂದ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ'ದಲ್ಲಿ ಎತ್ತಿದ ತಕರಾರು ಇದೇ ಜಾತಿಯದು: ನಮ್ಮ ವ್ಯಾಕರಣಗಳು ಸಂಸ್ಕೃತದ ಅಚ್ಚಿನಲ್ಲಿ ಎರಕಗೊಂಡಿವೆ, ಅಚ್ಚಿನಲ್ಲಿ ಏಳು ಗುಣಿಗಳಿದ್ದರೆ ಕನ್ನಡದಲ್ಲಿಯೂ ಏಳು ತುಂಬಬೇಕು. ಕೇಶಿರಾಜನೂ ಐದನೆಯ ಗುಣಿಗೆ 'ಅತ್ತಣಿಂ' ಎಂದು ತುಂಬಿಸಿದವನೇ.

ಆದರೆ ಏಳನೆಯದಕ್ಕೆ ಅವನು ಕೊಟ್ಟದ್ದು 'ಒಳ್'. ಹಳಗನ್ನಡ ಓದಿದವರಿಗೆಲ್ಲ ಇದು ಗೊತ್ತು. ಹೊಲದೊಳ್, ಮನೆಯೊಳ್. ಅದರ ಮುಂದಿನ ರೂಪ ಒಳಗೆ, ಒಳಗ. ನಮ್ಮ ಕಡೆಯ 'ಹೊಲದಾಗ', 'ಮನ್ಯಾಗ' ಎಂಬಲ್ಲಿ ನನಗೆ ಕೇಳಿಸುವುದು ಸವೆದುಹೋದ ಆ 'ಒಳಗ'ವೇ. ವಾರವಿಡೀ ಕೋಣೆಯಲ್ಲಿ ಕೂತು 'ಒಳ್' ಪ್ರತ್ಯಯದ ಬಗ್ಗೆ ಟಿಪ್ಪಣಿ ಮಾಡುವುದು, ಶನಿವಾರ ಬಸ್ಸು ಹತ್ತಿ ಹೋಗಿ ಅದರ ಮೊಮ್ಮಗಳನ್ನು ಕೆಂಪು ಪೆನ್ನಿನಿಂದ ಹೊಡೆಯುವುದು. ಇದನ್ನು ಮಾಡಿದಾಗ ನನಗೆ ಏನೂ ಅನ್ನಿಸಿರಲಿಲ್ಲ ಎಂಬುದೇ ಈಗ ಮುಜುಗರ.

ಇಲ್ಲಿ ನಮ್ಮ ಭಾಗದವರಿಗೆ ಒಂದು ಹೆಮ್ಮೆಯ ವಾದ ಸುಲಭಕ್ಕೆ ಸಿಗುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಗುರುತಿಸಿದ ಸೀಮೆ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದು. ಪುಲಿಗೆರೆ ಅಂದರೆ ಲಕ್ಷ್ಮೇಶ್ವರ, ನಮ್ಮ ಕುಂದಗೋಳ ತಾಲೂಕಿನ ಗುಡಗೇರಿಯಿಂದ ದೂರವೇನಲ್ಲ. ಪಂಪ ತನ್ನ ಭಾರತವನ್ನು ಬರೆದದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ತಾನೇ ಹೇಳಿಕೊಂಡಿದ್ದಾನೆ, ಅವನ ತಾಯಿಯ ಕಡೆಯವರ ಊರು ಅಣ್ಣಿಗೇರಿ. ಒಂದು ಕಾಲಕ್ಕೆ ಪ್ರಮಾಣವಾಗಿದ್ದ ಸೀಮೆಯ ಮಗು ಇಂದು ತಪ್ಪು ಬರೆಯುತ್ತಿದೆ ಎಂದು ಭಾಷಣ ಮಾಡಬಹುದು, ಚಪ್ಪಾಳೆಯೂ ಬರುತ್ತದೆ. ಆದರೆ ಹತ್ತು ವರ್ಷದ ಹುಡುಗಿಗೆ ಪಂಪನ ಸರ್ಟಿಫಿಕೇಟು ಯಾಕೆ ಬೇಕು? ಪಂಪನಿಗೆ ಸಂಬಂಧವಿಲ್ಲದ ಸೀಮೆಯಲ್ಲಿ ಹುಟ್ಟಿದ್ದರೆ ಅವಳ ಮಾತನ್ನು ಹೊಡೆದುಹಾಕಬಹುದಿತ್ತೇ? ಈ ಇತಿಹಾಸದಿಂದ ನನಗೆ ಉಪಯೋಗಕ್ಕೆ ಬರುವುದು ಇಷ್ಟೇ: ಯಾವ ಕನ್ನಡ ಸರಿ ಎಂಬುದು ಕಾಲಕಾಲಕ್ಕೆ ಜನ ಮಾಡಿಕೊಂಡ ತೀರ್ಮಾನ.

ಧಾರವಾಡಕ್ಕೆ ಇದು ಚೆನ್ನಾಗಿ ಗೊತ್ತಿರಬೇಕು. ಮುಂಬೈ ಇಲಾಖೆಗೆ ಸೇರಿದ್ದ ಈ ಜಿಲ್ಲೆಯ ಶಾಲೆಗಳಲ್ಲಿ ಒಂದು ಕಾಲಕ್ಕೆ ಮರಾಠಿಯೇ ನಡೆಯುತ್ತಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಶಾಲೆಗಾಗಿ ಊರೂರು ತಿರುಗಿದರು. ಮಗುವಿಗೆ ತಿಳಿಯುವ ಮಾತಿನಲ್ಲಿ ಕಲಿಸಬೇಕು ಎಂಬುದೇ ಅಂದಿನ ತಕರಾರಿನ ಬೇರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, 1956ರಲ್ಲಿ ಏಕೀಕರಣವಾಯಿತು, ಎಲ್ಲರಿಗೂ ಒಂದೇ ಪಠ್ಯಪುಸ್ತಕ ಬಂತು. ಆ ಒಂದೇ ಪುಸ್ತಕದ ಕನ್ನಡದಲ್ಲಿ 'ಹೊಲದಲ್ಲಿ' ಉಳಿಯಿತು, 'ಹೊಲದಾಗ' ಉಳಿಯಲಿಲ್ಲ.

ಪದ್ಯಕ್ಕೆ ಮಾತ್ರ ರಿಯಾಯಿತಿ ಇದೆ. ಬೇಂದ್ರೆಯವರ ಧಾರವಾಡ ಕನ್ನಡವನ್ನು ಬಾಯಿಪಾಠ ಮಾಡಿಸಿ, ನಾದಮಾಧುರ್ಯ ಎಂದು ಟಿಪ್ಪಣಿ ಬರೆಸುತ್ತೇವೆ. ದೇವನೂರ ಮಹಾದೇವರ 'ಕುಸುಮಬಾಲೆ' ಆಡುಮಾತಿನಲ್ಲಿದೆ ಎಂದೇ ಎಂ.ಎ. ತರಗತಿಗಳಲ್ಲಿ ಮೆಚ್ಚಿಕೊಂಡು ಓದುತ್ತೇವೆ. ಮಗು ಅದೇ ಕೆಲಸವನ್ನು ನೋಟುಬುಕ್ಕಿನಲ್ಲಿ ಮಾಡಿದರೆ ಗುಂಡು ಗುಂಡಾಗಿ ಕೆಂಪು. ದೊಡ್ಡವರು ಗೊತ್ತಿದ್ದು ಬರೆಯುತ್ತಾರೆ, ಮಗು ಗೊತ್ತಿಲ್ಲದೆ ಬರೆಯುತ್ತದೆ ಎಂಬ ಉತ್ತರ ಸಿದ್ಧವಾಗಿದೆ. ಒಪ್ಪಬಹುದಾದ ಉತ್ತರವೇ. ಹಾಗಾದರೆ ಗೊತ್ತುಮಾಡಿಸಬೇಕು. ಹೊಡೆದುಹಾಕುವುದರಿಂದ ಗೊತ್ತಾಗುವುದಿಲ್ಲ, ಹೆದರಿಕೆ ಹುಟ್ಟುತ್ತದೆ. 'ಸಾಲಿ' ತಪ್ಪು, 'ಶಾಲೆ' ಸರಿ ಎಂದು ತಿದ್ದಿಸಿಕೊಂಡ ಹುಡುಗನೊಬ್ಬ ಮುಂದಿನ ವಾರ 'ಸಂಜೆ'ಯನ್ನು 'ಶಂಜೆ' ಎಂದು ಬರೆದ. ತನ್ನ ನಾಲಿಗೆಯ ಮೇಲಿನ 'ಸ' ಎಲ್ಲವೂ ತಪ್ಪೇ ಇರಬೇಕು ಎಂದು ಅವನ ಊಹೆ.

ಇಷ್ಟು ಹೇಳಿ, ಮಕ್ಕಳು ಬರೆದದ್ದೆಲ್ಲ ಸರಿ, ಪುಸ್ತಕದ ಕನ್ನಡ ಬೇಡ ಎನ್ನುವ ಕಡೆಗೆ ಹೋಗುವ ಮನಸ್ಸಿದ್ದಾಗ ನನ್ನನ್ನು ತಡೆದವಳು ಆ ಹುಡುಗಿಯ ಅವ್ವ. ಬಸ್ಸಿಗೆ ಕಾಯುತ್ತಿದ್ದಾಗ ಸಿಕ್ಕಳು. ಏಳನೆಯ ಇಯತ್ತೆಯವರೆಗೆ ಓದಿದವಳು. ನಾನು ಉತ್ಸಾಹದಿಂದ, ನಿಮ್ಮ ಮಗಳ ಮಾತನ್ನು ಇನ್ನು ಮೇಲೆ ತಿದ್ದುವುದಿಲ್ಲ ಎಂದೆ. ಅವಳಿಗೆ ಅದು ಹಿಡಿಸಲಿಲ್ಲ. "ನಮ್ಮ ಮಾತು ನಮ್ಮ ಮನ್ಯಾಗ ಬರ್ತೈತ್ರಿ ಅಕ್ಕಾರ. ಪುಸ್ತಕದ್ದು ನೀವು ಕಲಸ್ರಿ. ನಾ ಬ್ಯಾಂಕಿನ್ಯಾಗ ಅರ್ಜಿ ಬರಿಯೂ ಮುಂದ ಅಂಜ್ತೀನಿ, ಅಕಿ ಅಂಜಬಾರದು." ಇದಕ್ಕೆ ನನ್ನ ಹತ್ತಿರ ಎದುರು ಮಾತಿರಲಿಲ್ಲ. 'ಹೊಲದಾಗ' ಎಂದು ಬರೆಯುವ ಸ್ವಾತಂತ್ರ್ಯ ನನಗೆ ಚೆಂದ ಕಾಣುವುದು ನನಗೆ 'ಹೊಲದಲ್ಲಿ' ಸಲೀಸಾಗಿ ಬರುವುದರಿಂದ.

ಮನೆಮಾತು ಎಂಬುದೂ ಅಷ್ಟು ಸರಳವಿಲ್ಲ. ನವಲಗುಂದದ ಜಮಖಾನ ನೇಯುವ ಮನೆಗಳ ಮಕ್ಕಳಿಗೆ ಮನೆಯಲ್ಲಿ ಉರ್ದು. ಕಲಘಟಗಿ ಕಡೆಯ ತಾಂಡಾಗಳಲ್ಲಿ ಲಂಬಾಣಿ, ಗೌಳಿ ದೊಡ್ಡಿಗಳಲ್ಲಿ ಮರಾಠಿಗೆ ಹತ್ತಿರದ ಮಾತು. ಅವರಿಗೆ 'ಹೊಲದಾಗ' ಕೂಡ ಓಣಿಯಿಂದ ಕಲಿತ ಎರಡನೆಯ ಭಾಷೆ, 'ಹೊಲದಲ್ಲಿ' ಎಂಬುದು ಮೂರನೆಯದು. ನಮ್ಮ ವರ್ಗದಲ್ಲಿಯೇ ಅಂಥ ಮೂವರಿದ್ದರು. ತಮಾಷೆಯೆಂದರೆ ವಿಭಕ್ತಿ ಪಟ್ಟಿ ಅವರಿಗೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು. ಗೊತ್ತಿಲ್ಲದ ಊರಿಗೆ ನಕ್ಷೆ ಬೇಕಲ್ಲ.

ಕೊನೆಗೆ ನಾವು ಮಾಡಿಕೊಂಡ ವ್ಯವಸ್ಥೆ ಬಹಳ ಸಾದಾ. ನೋಟುಬುಕ್ಕಿನ ಎಡಪುಟದಲ್ಲಿ ಬಂದ ಹಾಗೆ ಬರೆಯುವುದು, ಅಲ್ಲಿ ಯಾರೂ ಕೆಂಪು ಮಾಡುವಂತಿಲ್ಲ. ಓದಿ ಪ್ರಶ್ನೆ ಮಾತ್ರ ಕೇಳಬಹುದು: ಕಾಕಾ ಯಾಕೆ ಸುಮ್ಮನಾದ? ಕೈ ಯಾಕೆ ಹುಳಿಯಾಯಿತು? ಬಲಪುಟದಲ್ಲಿ ಅದನ್ನೇ, ಊರು ಗೊತ್ತಿಲ್ಲದ ಯಾರೋ ಓದುತ್ತಾರೆ ಎಂದುಕೊಂಡು ಪುಸ್ತಕದ ಕನ್ನಡದಲ್ಲಿ ಬರೆಯುವುದು, ಒಂದು ಷರತ್ತಿನ ಮೇಲೆ: ಎಡಗಡೆ ಇದ್ದ ಜನ, ಹುಳ, ರೊಕ್ಕ ಯಾವುದೂ ಬಲಗಡೆ ಕಳೆದುಹೋಗಬಾರದು. ವ್ಯಾಕರಣದ ಅಭ್ಯಾಸವೆಲ್ಲ ಈ ಎರಡು ಪುಟಗಳ ನಡುವೆ. ಎಡಗಡೆ ಆಗ, ಬಲಗಡೆ ಅಲ್ಲಿ. ಎಡಗಡೆ ಐತಿ, ಬಲಗಡೆ ಇದೆ. ಎರಡೂ ನಿಯಮ ಹಿಡಿದೇ ನಡೆಯುತ್ತವೆ ಎಂದು ಮಕ್ಕಳಿಗೆ ತಾವೇ ಪಟ್ಟಿ ಮಾಡಿದಾಗ ತಿಳಿಯಿತು.

ಎಲ್ಲ ಚೆಂದ ನಡೆಯಿತು ಎನ್ನಲಾರೆ. ಕೆಲವರು ಎಡಪುಟವನ್ನು ಖಾಲಿ ಬಿಟ್ಟು ಸೀದಾ ಬಲಕ್ಕೆ ಹೋಗುತ್ತಾರೆ, ಅಲ್ಲಿ ರೈತ ದೇಶದ ಬೆನ್ನೆಲುಬು ಇದ್ದೇ ಇರುತ್ತಾನೆ. ಗೆಳತಿಗೆ ಬಿಸಿಯೂಟದ ಲೆಕ್ಕ, ದಾಖಲೆ ತುಂಬುವ ಕೆಲಸ, ಎರಡೆರಡು ವರ್ಗ. ಪ್ರತಿ ಮಗುವಿನ ಎರಡೆರಡು ಪುಟ ಓದಲು ಅವಳಿಗೆ ಹೊತ್ತೆಲ್ಲಿ? ನಾನು ವಾರಕ್ಕೊಮ್ಮೆ ಬಂದು ಹೋಗುವವಳು, ಹೇಳುವುದು ಸುಲಭ. ಅಸರ್ ವರದಿ ಬಂದಾಗಲೆಲ್ಲ ಹಳ್ಳಿಯ ಮಕ್ಕಳಿಗೆ ಓದಲು ಬರುವುದಿಲ್ಲ ಎಂದು ಸುದ್ದಿಯಾಗುತ್ತದೆ. ಆ ಸಮೀಕ್ಷೆ ಮುಖ್ಯವಾಗಿ ಅಳೆಯುವುದು ಓದು ಮತ್ತು ಲೆಕ್ಕವನ್ನು. ಮಗು ತನ್ನದೊಂದು ಮಾತನ್ನು ಬರೆಯಬಲ್ಲದೇ ಎಂಬುದು ಸುದ್ದಿಗೂ ಬರುವುದಿಲ್ಲ.

ಫೆಬ್ರುವರಿಯಲ್ಲಿ ಕಡಲೆ ಕಿತ್ತಾದ ಮೇಲೆ ಆ ಹುಡುಗಿ ಮೂರನೆಯ ಸಲ ಹೊಲದ ಬಗ್ಗೆ ಬರೆದಳು, ನಾನು ಕೇಳದೆಯೇ. ಬಲಪುಟದಲ್ಲಿ 'ಹೊಲದಲ್ಲಿ' ಸರಿಯಾಗಿತ್ತು, ಅವ್ವನ ಮಾತು ಉದ್ಧರಣದೊಳಗೆ ಅವ್ವನ ಮಾತಾಗಿಯೇ ಇತ್ತು. ಎಡಪುಟ ನೋಡಿದೆ. ಮೊದಲನೆಯ ಪದದ ಮುಂದೆ ಉದ್ಧರಣ ಚಿಹ್ನೆ ತೆರೆದಿದ್ದಳು, ಅದು ಮುಚ್ಚಿದ್ದು ಪುಟದ ಕೊನೆಯ ಪದದ ಆಚೆ. ನಡುವೆ ಹದಿನೆಂಟು ಸಾಲು. ಇದೇನು ಎಂದೆ.

"ಎಲ್ಲಾ ನಾ ಹೇಳಿದ್ದ ಐತ್ರಿ" ಅಂದಳು.

ವಾರ್ಷಿಕ ಪರೀಕ್ಷೆ ಹತ್ತಿರವಿತ್ತು. ಅಲ್ಲಿ ಹೀಗೆ ಮಾಡಬೇಡ ಎಂದು ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಊಟದ ಗಂಟೆಯಾಯಿತು.